‘ದ್ವಿಚಕ್ರ ವಾಹನ’ ಅಂದ್ರೆ ಸೈಕಲ್ ಅಲ್ಲ

ಕ್ರಿಕೆಟ್ ವಿಮರ್ಶಕರಿಗೆ ಬೆಂಗಳೂರಲ್ಲಿ ಬರ ಇಲ್ಲ. ಪಿಚ್ ಹೇಗಿತ್ತು, ಟಾಸ್ ಗೆದ್ದು ಏನು ಮಾಡಬೇಕಿತ್ತು, ಕೊನೇ ಓವರ್ ಯಾರಿಗೆ ಕೊಡಬೇಕಿತ್ತು ಅಂತ ಹೇಳೋಕೆ ನಮ್ಮ ಆಫೀಸ್ ಕ್ಯಾಂಟೀನಿನಲ್ಲೇ ಹತ್ತು ಜನ ತಜ್ಞರಿದ್ದಾರೆ. ಆದರೆ ಪ್ರತಿ ಮ್ಯಾಚಿಗೂ ಮುಂಚೆ ಹೊರಬರುವ ಒಂದು ಬರಹವನ್ನು ಯಾರೂ ವಿಮರ್ಶೆ ಮಾಡಿದ್ದು ನಾನು ನೋಡಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ಅಂದರೆ ಸಾಕು, ಅದು ಫ್ಯಾಮಿಲಿ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಆಫೀಸ್ ಗ್ರೂಪು ಎಲ್ಲದಕ್ಕೂ ಬಂದು ಬೀಳುತ್ತೆ. ಸಂಚಾರ ಮಾರ್ಪಾಡಿನ ಪ್ರಕಟಣೆ. ಈ ಸಲ ಅದನ್ನೇ ಕೂತು ಓದೋಣ ಅಂತ.

ಓದಿದವರಿಗೆ ಅದರ ಮಾದರಿ ಗೊತ್ತೇ ಇರುತ್ತೆ. ಮೊದಲು ದಿನಾಂಕ, ಯಾರಿಗೂ ಯಾರಿಗೂ ಪಂದ್ಯ ಅನ್ನೋ ವಿವರ. ಆಮೇಲೆ ರಸ್ತೆಗಳ ಪಟ್ಟಿ: ಕ್ವೀನ್ಸ್ ರಸ್ತೆ, ಎಂ.ಜಿ. ರಸ್ತೆ, ಕಬ್ಬನ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಮ್ಯೂಸಿಯಂ ರಸ್ತೆ, ಕಸ್ತೂರಬಾ ರಸ್ತೆ, ಲ್ಯಾವೆಲ್ಲೆ ರಸ್ತೆ. ಇವುಗಳ ಎರಡೂ ಬದಿಯಲ್ಲಿ ‘ವಾಹನ ನಿಲುಗಡೆಯನ್ನು ನಿಷೇಧಿಸಲಾಗಿದೆ’. ಅದಾದ ಮೇಲೆ ನಿಲ್ಲಿಸಬಹುದಾದ ಜಾಗಗಳು: ಸೇಂಟ್ ಜೋಸೆಫ್ಸ್ ಶಾಲೆಯ ಮೈದಾನ, ಯು.ಬಿ. ಸಿಟಿ, ಶಿವಾಜಿನಗರ ಬಸ್ ನಿಲ್ದಾಣದ ಮೊದಲನೇ ಮಹಡಿ. ಕೊನೆಗೆ ಮೆಟ್ರೊ, ಬಸ್ಸು ಬಳಸಿ ಅನ್ನೋ ಒಂದು ಸಾಲು, ಸಾರ್ವಜನಿಕರು ಸಹಕರಿಸಬೇಕು ಅನ್ನೋ ಇನ್ನೊಂದು ಸಾಲು. ಮುಗೀತು.

ಒಂದು ಬರಹದ ಮುಖ್ಯ ಪಾತ್ರ ಯಾರು ಅಂತ ತಿಳಿಯೋಕೆ ಕ್ರಿಯಾಪದಗಳನ್ನು ನೋಡಬೇಕು. ಇಲ್ಲಿನ ಕ್ರಿಯಾಪದ ಒಂದೇ, ನಿಲ್ಲಿಸುವುದು. ಎಲ್ಲಿ ನಿಲ್ಲಿಸಬಾರದು, ಎಲ್ಲಿ ನಿಲ್ಲಿಸಬಹುದು. ಪ್ರಕಟಣೆಯ ಹೆಸರು ‘ಸಂಚಾರ’, ಒಳಗಿರೋದೆಲ್ಲ ನಿಲುಗಡೆ. ಅಂದರೆ ಇದರ ನಾಯಕ ಚಲಿಸುವ ಮನುಷ್ಯ ಅಲ್ಲ, ನಿಂತಿರುವ ಕಾರು. ಆ ಕಾರಿಗೆ ಎಷ್ಟು ಮರ್ಯಾದೆ ಅಂದರೆ, ಅದು ಸಂಜೆ ನಾಲ್ಕೈದು ಗಂಟೆ ಎಲ್ಲಿ ಮಲಗಬೇಕು ಅನ್ನೋದಕ್ಕೆ ವಿಳಾಸ ಇದೆ, ಕೆಲವು ಸಲ ಯಾವ ಕಡೆಯಿಂದ ಬಂದ ಕಾರು ಎಲ್ಲಿಗೆ ಹೋಗಬೇಕು ಅನ್ನೋ ವಿಂಗಡಣೆಯೂ ಇದೆ. ಸೈಕಲ್ ಅನ್ನೋ ಪದ ನಾನು ಓದಿದ ಪ್ರಕಟಣೆಗಳಲ್ಲಿ ಒಂದು ಸಲವೂ ಸಿಕ್ಕಿಲ್ಲ.

‘ದ್ವಿಚಕ್ರ ವಾಹನ’ ಅಂತ ಇರುತ್ತಲ್ಲ, ಅದರಲ್ಲಿ ಸೈಕಲ್ಲೂ ಸೇರಿತು ಅಂತ ನೀವು ಹೇಳಬಹುದು. ಎರಡು ಚಕ್ರ ಇರೋದು ದ್ವಿಚಕ್ರ, ವ್ಯಾಕರಣದ ಪ್ರಕಾರ ಸರಿಯೇ. ಆದರೆ ನಮ್ಮ ಕನ್ನಡದಲ್ಲಿ ಈ ಪದ ಯಾವಾಗಲೋ ಸ್ಕೂಟರ್, ಬೈಕುಗಳ ಪಾಲಾಗಿಬಿಟ್ಟಿದೆ. ನಂಬಿಕೆ ಇಲ್ಲದಿದ್ದರೆ ಒಂದು ಸಲ ಪೇ ಅಂಡ್ ಪಾರ್ಕಿಗೆ ಸೈಕಲ್ ತಗೊಂಡು ಹೋಗಿ. ಒಂದು ಮ್ಯಾಚಿನ ದಿನ ಸಂಜೆ ಗೆಳೆಯನನ್ನು ನೋಡಬೇಕಾಗಿ ಬಂದು ನಾನು ಹೋಗಿದ್ದೆ. ಎಂ.ಜಿ. ರಸ್ತೆಗೆ ಹತ್ತಿರದ ಒಂದು ಜಾಗ. ಬಿಲ್ ಹರಿಯುವ ಹುಡುಗ ಕೈಯಲ್ಲಿದ್ದ ಮೆಷಿನ್ ತೋರಿಸಿದ.

‘ಸಾರ್, ಇದ್ರಲ್ಲಿ ಟೂ ವೀಲರ್ ಇದೆ, ಫೋರ್ ವೀಲರ್ ಇದೆ. ಸೈಕಲ್ಲಿಗೆ ಬಟನ್ನೇ ಇಲ್ಲ.’

‘ಟೂ ವೀಲರ್ ಅಂತಾನೇ ಒತ್ತಪ್ಪ, ದುಡ್ಡು ಕೊಡ್ತೀನಿ.’

‘ಗಾಡಿ ನಂಬರ್ ಕೇಳತ್ತೆ ಸಾರ್. ನಿಮ್ದು ನಂಬರ್ ಎಲ್ಲಿದೆ?’

ಹುಡುಗನದ್ದೇನೂ ತಪ್ಪಿಲ್ಲ. ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸೈಕಲ್ ವಾಹನವೇ ಅಲ್ಲ, ಹಾಗಾಗಿ ನೋಂದಣಿ ಇಲ್ಲ, ನಂಬರ್ ಪ್ಲೇಟ್ ಇಲ್ಲ. ನಂಬರ್ ಇಲ್ಲದ್ದನ್ನು ಮೆಷಿನ್ ನೋಡಲ್ಲ. ಪ್ರಕಟಣೆಯೂ ಅದೇ ಥರದ ಒಂದು ಮೆಷಿನ್. ಸೈಕಲ್ ಬೇಡ ಅಂತ ಅದು ಹೇಳಲ್ಲ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ನನ್ನ ಮನೆ ಬಸವನಗುಡಿ ಕಡೆ, ಆಫೀಸು ಹಲಸೂರು ಕಡೆ. ಎಂಟೊಂಬತ್ತು ಕಿಲೋಮೀಟರ್ ದಾರಿ. ನಗರದ ನಟ್ಟನಡುವೆ ಹಾದುಹೋಗದೆ ವಿಧಿಯಿಲ್ಲ. ಸಂಜೆ ವಾಪಸ್ ಬರುವಾಗ ಟ್ರಿನಿಟಿ, ಎಂ.ಜಿ. ರಸ್ತೆ, ಅನಿಲ್ ಕುಂಬ್ಳೆ ವೃತ್ತ, ಕಬ್ಬನ್ ಪಾರ್ಕ್, ಹಡ್ಸನ್ ವೃತ್ತ. ಐಪಿಎಲ್ ತಿಂಗಳುಗಳಲ್ಲಿ ಈ ದಾರಿಯಲ್ಲಿ ಏಳೆಂಟು ಸಂಜೆ ಮ್ಯಾಚ್ ಅಡ್ಡ ಬರುತ್ತೆ. 2023ರ ವಿಶ್ವಕಪ್ಪಿನಲ್ಲಿ ಇನ್ನೂ ಐದು ಪಂದ್ಯ ಇಲ್ಲೇ ನಡೆದವು. ಹಾಗಾಗಿ ಮ್ಯಾಚಿನ ದಿನದ ಬೆಂಗಳೂರನ್ನು ಗ್ಯಾಲರಿಯಿಂದ ನೋಡಿದ್ದಕ್ಕಿಂತ ಸೀಟಿನ ಮೇಲಿಂದ ನೋಡಿದ್ದೇ ನಾನು ಜಾಸ್ತಿ.

ಅದರಲ್ಲಿ ಖುಷಿ ಇಲ್ಲ ಅಂದರೆ ಸುಳ್ಳಾಗುತ್ತೆ. ಸಂಜೆ ಆರರ ಹೊತ್ತಿಗೆ ಎಂ.ಜಿ. ರಸ್ತೆ ಪೂರ್ತಿ ಕೆಂಪು ಜೆರ್ಸಿ. ಫುಟ್‌ಪಾತಿನಲ್ಲಿ ಕೆನ್ನೆಗೆ ಬಣ್ಣ ಬಳಿಯುವವರು, ಬಾವುಟ ಮಾರುವವರು, ಪೀಪಿ ಊದುವ ಮಕ್ಕಳು. ಮರಗಳ ಮೇಲಿಂದ ಫ್ಲಡ್‌ಲೈಟಿನ ಬೆಳಕು. ಸ್ವಲ್ಪ ಲೇಟಾಗಿ ಹೊರಟರೆ ಆಟವೂ ಕೇಳಿಸುತ್ತೆ. ಸಿಕ್ಸಿಗೆ ಒಂದು ಥರ ಗದ್ದಲ, ನಮ್ಮವರ ವಿಕೆಟ್ ಬಿದ್ದರೆ ಇನ್ನೊಂದು ಥರ. ಎರಡನೆಯದು ಸದ್ದಲ್ಲ, ಸದ್ದು ಇದ್ದಕ್ಕಿದ್ದಂತೆ ನಿಂತುಹೋಗೋದು. ಕಾರಿನ ಗಾಜು ಏರಿಸಿಕೊಂಡವರಿಗೆ ಇದು ಸಿಗಲ್ಲ. ಸೈಕಲ್ಲಿನವರಿಗೆ, ನಡೆಯೋರಿಗೆ ಮಾತ್ರ ಬಿಟ್ಟಿ ಕಾಮೆಂಟರಿ.

ಇನ್ನೊಂದು ಖುಷಿ ಇದೆ, ಅದೇ ನನ್ನ ತಕರಾರಿನ ಮೂಲ ಕೂಡ. ಕೆಲವು ಹೊತ್ತು ಬ್ಯಾರಿಕೇಡ್ ಹಾಕಿ ಒಂದೊಂದು ರಸ್ತೆಯ ತುಂಡನ್ನು ವಾಹನಗಳಿಗೆ ಮುಚ್ಚುತ್ತಾರೆ. ಆ ಇಪ್ಪತ್ತು ನಿಮಿಷ ಅಲ್ಲಿ ಹಾರನ್ ಇಲ್ಲ. ಅಪ್ಪನ ಕೈ ಹಿಡಿದು ಫುಟ್‌ಪಾತಿನ ಅಂಚಲ್ಲಿ ನಡೆಯುತ್ತಿದ್ದ ಮಗು ಕೈ ಬಿಡಿಸಿಕೊಂಡು ರಸ್ತೆ ಮಧ್ಯಕ್ಕೆ ಓಡುತ್ತೆ, ಅಪ್ಪ ಗದರಲ್ಲ. ‘ಬೆಂಗಳೂರಲ್ಲಿ ಕಾರು ನಿಲ್ಲಿಸೋದು ಸಾಧ್ಯವೇ ಇಲ್ಲ ಸ್ವಾಮಿ, ಪ್ರಾಕ್ಟಿಕಲ್ ಆಗಿ ಮಾತಾಡಿ’ ಅಂತ ವರ್ಷಪೂರ್ತಿ ಕೇಳುತ್ತೀವಲ್ಲ, ಅದು ನಿಜ ಅಲ್ಲ. ನಾಲ್ಕು ಬ್ಯಾರಿಕೇಡ್, ಆರು ಜನ, ಅರ್ಧ ಗಂಟೆ. ಇಷ್ಟೇ ಸಾಕು. ಭಾನುವಾರ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲಿ ಇದು ನಡೀತಿದೆ. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟಿನಲ್ಲೂ ನಡೆದಿತ್ತು. ನಗರಕ್ಕೆ ಈ ವಿದ್ಯೆ ಗೊತ್ತಿದೆ. ಮ್ಯಾಚಿನ ದಿನ ಅದನ್ನು ಬಳಸೋದು ಯಾವುದಕ್ಕೆ ಅನ್ನೋದೇ ಪ್ರಶ್ನೆ. ಆಟಗಾರರ ಬಸ್ಸು, ಪಾಸ್ ಇರೋ ಕಾರುಗಳು ಹೋಗೋಕೆ ದಾರಿ ಮಾಡಿ, ಅವು ಹೋದ ಮೇಲೆ ರಸ್ತೆಯನ್ನು ಮತ್ತೆ ಎಂದಿನ ಗೊಂದಲಕ್ಕೆ ವಾಪಸ್ ಕೊಡುತ್ತಾರೆ. ನಡೆದು ಬಂದವರಿಗೆ ಸಿಕ್ಕ ಆ ಇಪ್ಪತ್ತು ನಿಮಿಷ ಬೈ ಪ್ರಾಡಕ್ಟ್ ಅಷ್ಟೇ.

ಕ್ರೀಡಾಂಗಣದ ಒಳಗೆ ಹೋದರೆ ಬೇರೆಯೇ ಕಾಳಜಿ ಕಾಣುತ್ತೆ. ಚಿನ್ನಸ್ವಾಮಿಯ ಚಾವಣಿ ಮೇಲೆ 2015ರಲ್ಲೇ ಸೌರ ಫಲಕ ಹಾಕಿದರು. ಮೈದಾನದ ಕೆಳಗೆ ಸಬ್‌ಏರ್ ಅನ್ನೋ ವ್ಯವಸ್ಥೆ ಇದೆ. ಮಳೆ ಬಂದರೆ ನೀರನ್ನು ಕೆಳಗಿನಿಂದ ಎಳೆದುಕೊಳ್ಳುತ್ತೆ, ಹುಲ್ಲಿನ ಬೇರಿಗೆ ಗಾಳಿ ಊದುತ್ತೆ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗೋದನ್ನು ಟೀವಿಯಲ್ಲಿ ನೋಡಿ ನಾವೆಲ್ಲ ಹೆಮ್ಮೆಪಟ್ಟಿದ್ದೀವಿ. ಆರ್‌ಸಿಬಿ 2011ರಿಂದ ವರ್ಷಕ್ಕೊಂದು ಪಂದ್ಯವನ್ನು ಹಸಿರು ಜೆರ್ಸಿ ತೊಟ್ಟು ಆಡುತ್ತೆ, ಪರಿಸರದ ಜಾಗೃತಿಗೆ ಅಂತ. ಇವನ್ನೆಲ್ಲ ನಾನು ಗೇಲಿ ಮಾಡ್ತಿಲ್ಲ. ಸೌರ ಫಲಕ ನಿಜವಾಗಿಯೂ ವಿದ್ಯುತ್ ಕೊಡುತ್ತೆ. ಆದರೆ ಒಂದು ನಗರದ ಪರಿಸರ ಪ್ರಜ್ಞೆ ಗೇಟಿನ ಒಳಗೇ ಯಾಕೆ ಮುಗಿಯುತ್ತೆ? ಹಸಿರು ಜೆರ್ಸಿಯ ಪಂದ್ಯಕ್ಕೆ ಸೈಕಲ್ಲಿನಲ್ಲಿ ಬರೋಣ ಅಂತ ಯಾರಾದರೂ ಅದನ್ನು ಗಂಭೀರವಾಗಿ ತಗೊಂಡರು ಅನ್ನಿ, ಅವರು ಸೈಕಲ್ಲನ್ನು ಕಬ್ಬಿಣದ ಬೇಲಿಗೋ ಮರಕ್ಕೋ ಬಿಗಿದು, ದೇವರ ಮೇಲೆ ಭಾರ ಹಾಕಿ ಒಳಗೆ ಹೋಗಬೇಕು. ಹೆಲ್ಮೆಟ್ ಎಲ್ಲಿಡೋದು ಅನ್ನೋದು ಇನ್ನೊಂದು ಕಥೆ. ಹುಲ್ಲಿನ ಬೇರಿಗೆ ಗಾಳಿ ಊದುವಷ್ಟು ಸೂಕ್ಷ್ಮ ಇರೋ ವ್ಯವಸ್ಥೆಗೆ ನಾಲ್ಕು ಕಬ್ಬಿಣದ ಸ್ಟ್ಯಾಂಡ್ ಹೊಳೆದಿಲ್ಲ.

ಇದು ನಮ್ಮೂರಿನ ಬಡತನದ ಸಮಸ್ಯೆ, ಮುಂದುವರಿದ ದೇಶಗಳಲ್ಲಿ ಹೀಗಿಲ್ಲ ಅಂತ ಅಂದುಕೊಳ್ಳಬೇಡಿ. ಲಂಡನ್ನಿನ 2012ರ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಜುಲೈ 27ರ ಉದ್ಘಾಟನಾ ಸಮಾರಂಭದಲ್ಲಿ ದೊಡ್ಡ ಗಂಟೆ ಬಾರಿಸಿದ್ದು ಬ್ರಾಡ್ಲಿ ವಿಗಿನ್ಸ್. ಐದು ದಿನ ಮುಂಚೆ ಟೂರ್ ಡಿ ಫ್ರಾನ್ಸ್ ಗೆದ್ದು ಬಂದಿದ್ದ ಸೈಕಲ್ ಪಟು. ಅದೇ ಸಮಾರಂಭದಲ್ಲಿ ಪಾರಿವಾಳದ ಬಿಳಿ ರೆಕ್ಕೆ ಕಟ್ಟಿಕೊಂಡ ಸೈಕಲ್ ಸವಾರರು ಕ್ರೀಡಾಂಗಣದಲ್ಲಿ ಸುತ್ತಿದರು. ನೋಡೋಕೆ ಎರಡು ಕಣ್ಣು ಸಾಲದು. ಅದೇ ಸಂಜೆ, ಅದೇ ಊರಲ್ಲಿ, ಪ್ರತಿ ತಿಂಗಳ ಕೊನೇ ಶುಕ್ರವಾರ ಗುಂಪಾಗಿ ಸೈಕಲ್ ಹೊಡೆಯುವ ‘ಕ್ರಿಟಿಕಲ್ ಮಾಸ್’ನವರು ತಮ್ಮ ಪದ್ಧತಿಯಂತೆ ಹೊರಟರು. ಥೇಮ್ಸ್ ನದಿಯ ಉತ್ತರಕ್ಕೆ ಹೋಗಬಾರದು ಅಂತ ಪೊಲೀಸರು ಷರತ್ತು ಹಾಕಿದ್ದರು. ದಾಟಿ ಹೋದವರಲ್ಲಿ 182 ಜನರ ಬಂಧನವಾಯಿತು. ಅವರಲ್ಲಿ ಬಹುಪಾಲು ಜನರ ಮೇಲೆ ಕೊನೆಗೆ ಆರೋಪವನ್ನೇ ಹೊರಿಸಲಿಲ್ಲ. ಒಳಗೆ ರೆಕ್ಕೆ ಕಟ್ಟಿಕೊಂಡ ಸೈಕಲ್ಲಿಗೆ ಚಪ್ಪಾಳೆ, ಹೊರಗೆ ರೆಕ್ಕೆ ಇಲ್ಲದ ಸೈಕಲ್ಲಿಗೆ ಕೈಕೋಳ.

ಆ ಒಲಿಂಪಿಕ್ಸಿಗೆ ಲಂಡನ್ನಿನ ರಸ್ತೆಗಳಲ್ಲಿ ‘ಗೇಮ್ಸ್ ಲೇನ್’ ಅಂತ ಸುಮಾರು 30 ಮೈಲಿ ಉದ್ದದ ಮೀಸಲು ಪಥ ಮಾಡಿದ್ದರು. ಆಟಗಾರರು, ಅಧಿಕಾರಿಗಳು, ಮಾಧ್ಯಮದವರು, ಪ್ರಾಯೋಜಕರ ವಾಹನಗಳಿಗೆ ಅಂತ. ಆಗಸ್ಟ್ 1ರಂದು ವಿಗಿನ್ಸ್ ಟೈಮ್ ಟ್ರಯಲ್‌ನಲ್ಲಿ ಚಿನ್ನ ಗೆದ್ದ. ಅದೇ ದಿನ ಸಂಜೆ ಒಲಿಂಪಿಕ್ ಪಾರ್ಕಿನ ಹೊರಗೆ ಪತ್ರಕರ್ತರನ್ನು ಸಾಗಿಸುತ್ತಿದ್ದ ಬಸ್ಸಿನಡಿ ಸಿಕ್ಕು ಒಬ್ಬ ಸೈಕಲ್ ಸವಾರ ತೀರಿಕೊಂಡ. 28 ವರ್ಷ. ಒಂದೇ ದಿನ, ಒಂದೇ ನಗರ, ಒಂದೇ ಯಂತ್ರ. ಪದಕ ತಂದ ಸೈಕಲ್ಲಿಗಾಗಿ ರಸ್ತೆ ಪೂರ್ತಿ ಮುಚ್ಚಿದ್ದರು, ಓಡಾಡುವ ಸೈಕಲ್ಲಿಗೆ ಒಂದು ಮೂಲೆ ಸಿಕ್ಕಿರಲಿಲ್ಲ.

ಹನ್ನೆರಡು ವರ್ಷದ ಮೇಲೆ ಪ್ಯಾರಿಸ್ ಸ್ವಲ್ಪ ಬೇರೆ ಥರ ಯೋಚಿಸಿತು. 2024ರ ಒಲಿಂಪಿಕ್ಸಿಗೆ ಪ್ರೇಕ್ಷಕರು ಬರೋದು ಮೆಟ್ರೊ, ಬಸ್ಸು, ಸೈಕಲ್ ಇಲ್ಲವೇ ಕಾಲ್ನಡಿಗೆಯಲ್ಲಿ ಅನ್ನೋ ಗುರಿ ಇಟ್ಟುಕೊಂಡು, ಕ್ರೀಡಾಂಗಣಗಳನ್ನು ಜೋಡಿಸುವಂತೆ ಸುಮಾರು 60 ಕಿಲೋಮೀಟರ್ ಹೊಸ ಸೈಕಲ್ ದಾರಿ ಮಾಡಿದರು. ಸ್ವರ್ಗವೇನಲ್ಲ. ಉದ್ಘಾಟನೆಗೆ ಮುಂಚಿನ ವಾರ ಸೀನ್ ನದಿ ದಂಡೆಯ ನಿವಾಸಿಗಳೇ ಕ್ಯೂಆರ್ ಕೋಡ್ ತೋರಿಸಿ ತಮ್ಮ ಮನೆಗೆ ಹೋಗಬೇಕಿತ್ತು, ದಿನಾ ಆ ದಾರಿಯಲ್ಲಿ ಸೈಕಲ್ ಹೊಡೆಯುವವರು ಬೇಲಿ ಸುತ್ತಿ ಹೋಗಬೇಕಿತ್ತು. ಆದರೂ ಒಂದು ವ್ಯತ್ಯಾಸ ಇತ್ತು. ಆಟ ಮುಗಿದ ಮೇಲೆ ಬೇಲಿ ಹೋಯಿತು, ಸೈಕಲ್ ದಾರಿ ಉಳಿಯಿತು. ದೊಡ್ಡ ಕೂಟಕ್ಕೆ ಅಂತ ಖರ್ಚು ಮಾಡಿದ್ದರಲ್ಲಿ ಮರುದಿನ ಆಫೀಸಿಗೆ ಹೋಗೋರಿಗೆ ಏನು ಉಳೀತು ಅನ್ನೋದು ನನ್ನ ಪ್ರಕಾರ ಒಳ್ಳೇ ಅಳತೆಗೋಲು.

ಈಗ ನೀವು ಕೇಳಬಹುದು, ಕೇಳಲೇಬೇಕು ಕೂಡ: ‘35,000 ಜನ ಸೇರುವ ಕಡೆ ಸೈಕಲ್ಲಿನಲ್ಲಿ ಬರೋರು ಎಷ್ಟು ಜನ ಗುರು? ಐವತ್ತು? ನೂರು? ಅಷ್ಟಕ್ಕೆ ಇಷ್ಟೊಂದು ಬರೀಬೇಕಾ?’

ಲೆಕ್ಕಕ್ಕೆ ಎರಡು ಉತ್ತರ ಇದೆ. ಒಂದು, ಜಾಗ ಇಲ್ಲದ ಕಡೆ ಎಣಿಸಿದರೆ ಯಾವುದರ ಸಂಖ್ಯೆಯೂ ಕಮ್ಮಿಯೇ ಬರುತ್ತೆ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಸೈಕಲ್ ಪಥ ಮಾಡಿದ್ದು ನೆನಪಿರಬಹುದು. ಗೂಟ ನೆಟ್ಟು ಗುರುತು ಮಾಡಿದ್ದರು. ಕ್ರಮೇಣ ಗೂಟ ಮುರೀತು, ಬೈಕು ನುಗ್ಗಿದವು, ಮೆಟ್ರೊ ಕೆಲಸ ಬಂತು, ಪಥ ಹೋಯಿತು. ‘ನೋಡಿ, ಯಾರೂ ಸೈಕಲ್ ಹೊಡೀಲಿಲ್ಲ’ ಅನ್ನೋ ಮಾತು ಮಾತ್ರ ಉಳೀತು. ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಬಂದಿದ್ದು 2011ರಲ್ಲಿ. ಆ ವರ್ಷಕ್ಕೆ ಮುಂಚೆ ಎಣಿಸಿದ್ದರೆ ಮೆಟ್ರೊದಲ್ಲಿ ಮ್ಯಾಚಿಗೆ ಬರೋರ ಸಂಖ್ಯೆ ಸೊನ್ನೆ. ಇವತ್ತು ಮ್ಯಾಚಿನ ರಾತ್ರಿ ಮೆಟ್ರೊ ಹೆಚ್ಚು ಹೊತ್ತು ಓಡುತ್ತೆ, ರೈಲಿನಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಎರಡನೇ ಉತ್ತರ ನನಗೆ ಹೆಚ್ಚು ಮುಖ್ಯ. ಐವತ್ತು, ನೂರು ಅಂದಾಗ ನಿಮ್ಮ ಕಣ್ಮುಂದೆ ಬಂದಿದ್ದು ನನ್ನಂಥವರು. ಹೆಲ್ಮೆಟ್, ಗೇರ್ ಸೈಕಲ್, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು. ಮ್ಯಾಚಿನ ದಿನ ಕ್ರೀಡಾಂಗಣದ ಸುತ್ತ ಸೈಕಲ್ ಹಿಡಿದು ಓಡಾಡೋರಲ್ಲಿ ನಾವು ಅಲ್ಪಸಂಖ್ಯಾತರು. ಸೈಕಲ್ ಹ್ಯಾಂಡಲ್ಲಿಗೆ ಟೀ ಫ್ಲಾಸ್ಕ್ ನೇತುಹಾಕಿಕೊಂಡು ಮಾರೋರಿದ್ದಾರೆ. ಕ್ಯಾರಿಯರ್ ಮೇಲೆ ಕಡ್ಲೆಕಾಯಿ ಬುಟ್ಟಿ ಕಟ್ಟಿಕೊಂಡು ಬರೋರಿದ್ದಾರೆ. ಸುತ್ತಲ ಕಟ್ಟಡಗಳಲ್ಲಿ ರಾತ್ರಿ ಪಾಳಿಗೆ ಬರೋ ಸೆಕ್ಯುರಿಟಿಯವರಿದ್ದಾರೆ. ಇವರಿಗೆ ಸೈಕಲ್ ಫಿಟ್‌ನೆಸ್ ಅಲ್ಲ, ಪರಿಸರ ಅಲ್ಲ, ಹೊಟ್ಟೆಪಾಡು.

2025ರ ಏಪ್ರಿಲಿನ ಒಂದು ಸಂಜೆ ಬ್ಯಾರಿಕೇಡ್ ಹತ್ತಿರ ನಿಂತಿದ್ದೆ. ನನ್ನ ಮುಂದೆ ಟೀ ಮಾರುವವರೊಬ್ಬರು, ವಯಸ್ಸು ಐವತ್ತರ ಮೇಲಿರಬಹುದು. ಅವರು ಸೈಕಲ್ಲಿನಿಂದ ಇಳಿದೇ ಇದ್ದರು. ಕಾವಲಿಗೆ ನಿಂತಿದ್ದ ಹುಡುಗ ಅವರಿಗೆ, ‘ಏಯ್, ಎಲ್ಲಿಗೆ? ಹಿಂದೆ ತಗೊಳ್ಳಯ್ಯ’ ಅಂದ. ಆಮೇಲೆ ನನ್ನ ಕಡೆ ತಿರುಗಿ, ‘ಆಫೀಸಿಂದ ಬರ್ತಿದೀರಾ ಸಾರ್? ಇಳ್ಕೊಂಡು, ತಳ್ಕೊಂಡ್ ಹೋಗ್ಬಿಡಿ’ ಅಂದು ಬ್ಯಾರಿಕೇಡ್ ಓರೆ ಮಾಡಿದ.

‘ಇವರನ್ನೂ ಬಿಡಿ, ಇವರೂ ತಳ್ಕೊಂಡೇ ಹೋಗ್ತಾರೆ’ ಅಂದೆ.

‘ಅವ್ರದ್ದು ಡೈಲಿ ಇದ್ದಿದ್ದೇ ಸಾರ್. ನೀವ್ ಹೋಗಿ.’

ಟೀಯವರೇ ನನಗೆ ಕೈಸನ್ನೆ ಮಾಡಿದರು. ‘ಹೋಗಿ ಸರ್, ನಂಗೆ ಬೇರೆ ದಾರಿ ಐತೆ.’ ಸೈಕಲ್ ತಿರುಗಿಸಿಕೊಂಡು ಹೋದರು.

ಪ್ರಕಟಣೆಯಲ್ಲಿ ಸೈಕಲ್ ಇಲ್ಲದಿರೋದರ ಅರ್ಥ ನನಗೆ ಸ್ಪಷ್ಟವಾಗಿ ಕಾಣಿಸಿದ್ದು ಅಲ್ಲೇ. ನಿಯಮ ಬರೆದಿಲ್ಲ ಅಂದರೆ ನಿಯಮ ಇಲ್ಲ ಅಂತಲ್ಲ. ಬರೆಯದ ಕಡೆ ಮುಖ ನೋಡಿ ಮಣೆ ಹಾಕೋದೇ ನಿಯಮ ಆಗುತ್ತೆ. ಕಾರಿನವರಿಗೆ ಲಿಖಿತ ವ್ಯವಸ್ಥೆ ಇದೆ, ಆದ್ದರಿಂದ ಅವರು ಪ್ರಶ್ನೆ ಕೇಳಬಹುದು. ‘ಪ್ರಕಟಣೆಯಲ್ಲಿ ಇಲ್ಲಿ ಪಾರ್ಕಿಂಗ್ ಅಂತ ಹಾಕಿದೀರಲ್ಲ’ ಅಂತ ವಾದ ಮಾಡಬಹುದು. ನನಗೆ ಐಡಿ ಕಾರ್ಡಿದೆ. ಟೀಯವರ ಹತ್ತಿರ ವಾದಕ್ಕೆ ಒಂದು ಸಾಲೂ ಇಲ್ಲ. ಹಾಗಾಗಿ ಸೈಕಲ್ ಬಗ್ಗೆ ಪ್ರಕಟಣೆಯಲ್ಲಿ ಒಂದು ವಾಕ್ಯ ಬರಬೇಕು ಅಂತ ನಾನು ಹಟ ಹಿಡಿಯೋದು ನನ್ನ ಅನುಕೂಲಕ್ಕಲ್ಲ. ನನ್ನ ಸೈಕಲ್ ಹೇಗೋ ದಾಟುತ್ತೆ.

ಈ ಬರಹದಲ್ಲಿ ಇಷ್ಟು ಹೊತ್ತು ತಪ್ಪಿಸಿಕೊಂಡು ಬಂದ ಒಂದು ತಾರೀಕಿದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಹದಿನೆಂಟು ವರ್ಷ ಕಾದಿದ್ದ ಊರು ಬೆಳಗಿನವರೆಗೆ ಮಲಗಲಿಲ್ಲ. ಮರುದಿನ, ಜೂನ್ 4ರಂದು, ವಿಜಯೋತ್ಸವ ನೋಡೋಕೆ ಬಂದವರಲ್ಲಿ 11 ಜನ ಚಿನ್ನಸ್ವಾಮಿಯ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ ಸತ್ತರು. ಬಹುತೇಕ ಎಲ್ಲರೂ ಎಳೆಯ ವಯಸ್ಸಿನವರು.

ಸೈಕಲ್ ಸ್ಟ್ಯಾಂಡ್ ಇದ್ದಿದ್ದರೆ ಅವರು ಬದುಕುತ್ತಿದ್ದರು ಅಂತ ನಾನು ಹೇಳಿದರೆ ಅದು ಮೂರ್ಖತನ, ಸತ್ತವರಿಗೆ ಅವಮಾನ ಕೂಡ. ಅವತ್ತು ಏನಾಯಿತು, ಯಾರು ಹೊಣೆ ಅನ್ನೋದನ್ನು ಹೇಳೋಕೆ ತನಿಖೆ, ನ್ಯಾಯಾಲಯ ಇವೆ. ನಾನು ಕೈ ಹಾಕ್ತಿರೋದು ಒಂದೇ ಒಂದು ಎಳೆಗೆ. ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗ ಜುಲೈನಲ್ಲಿ ಕೊಟ್ಟ ವರದಿ, ಈ ಕ್ರೀಡಾಂಗಣದ ವಿನ್ಯಾಸ ದೊಡ್ಡ ಜನಸಂದಣಿಗೆ ಸುರಕ್ಷಿತ ಅಲ್ಲ ಅಂತ ಹೇಳಿತು. ಅದು ಎತ್ತಿ ತೋರಿಸಿದ್ದರಲ್ಲಿ ಒಂದು: ಗೇಟುಗಳು ನೇರವಾಗಿ ಫುಟ್‌ಪಾತಿಗೆ ತೆರೆದುಕೊಳ್ಳುತ್ತವೆ, ಜನ ಸಾಲು ನಿಲ್ಲೋಕೆ ಫುಟ್‌ಪಾತು, ರಸ್ತೆ ಬಿಟ್ಟರೆ ಬೇರೆ ಜಾಗ ಇಲ್ಲ.

ಈಗ ಮತ್ತೆ ಆ ಪ್ರಕಟಣೆಗಳನ್ನು ಓದಿ. ಇಷ್ಟು ವರ್ಷ, ಪ್ರತಿ ಮ್ಯಾಚಿಗೆ ಮುಂಚೆ, ಪ್ರತಿ ಕಾರಿಗೂ ಒಂದು ಮೈದಾನದ ವಿಳಾಸ ಕೊಟ್ಟಿದ್ದೀವಿ. ಮನುಷ್ಯರು ಎಲ್ಲಿ ನಿಲ್ಲಬೇಕು, ಯಾವ ರಸ್ತೆಯಿಂದ ನಡೆದು ಬಂದು ಯಾವ ರಸ್ತೆಯಿಂದ ನಡೆದು ಹೋಗಬೇಕು ಅನ್ನೋದಕ್ಕೆ ‘ಸಹಕರಿಸಬೇಕು’ ಅನ್ನೋದರ ಆಚೆಗೆ ಎಷ್ಟು ಸಾಲು ಬರೆದಿದ್ದೀವಿ? ಮೈದಾನಕ್ಕೆ ಕಾರು ಬರಲ್ಲ, ಬರೋದು ಮನುಷ್ಯ. ಮೆಟ್ರೊದಲ್ಲಿ ಬಂದವನೂ ಕೊನೇ ಐನೂರು ಮೀಟರ್ ನಡೆಯುತ್ತಾನೆ, ಯು.ಬಿ. ಸಿಟಿಯಲ್ಲಿ ಕಾರು ಬಿಟ್ಟವನೂ ನಡೆಯುತ್ತಾನೆ. ಆ ನಡಿಗೆ ನಮ್ಮ ಸಂಚಾರದ ಭಾಷೆಯಲ್ಲಿ ಇಲ್ಲ. ಗಾಡಿ ಇಳಿದ ತಕ್ಷಣ ಮನುಷ್ಯ ‘ಸಂಚಾರ’ದಿಂದ ಹೊರಬಿದ್ದು ‘ಜನಸಂದಣಿ’ ಆಗಿಬಿಡುತ್ತಾನೆ. ಸಂಚಾರ ಅಂದರೆ ದಾರಿ ಮಾಡಿಕೊಡಬೇಕಾದ್ದು, ಜನಸಂದಣಿ ಅಂದರೆ ಹತೋಟಿಯಲ್ಲಿ ಇಡಬೇಕಾದ್ದು. ಒಂದು ಪದ ಬದಲಾದರೆ ಧೋರಣೆಯೇ ಬದಲಾಗುತ್ತೆ.

ಸೈಕಲ್ಲಿನ ವಿಷಯ ನನಗೆ ಮುಖ್ಯ ಆಗೋದು ಈ ಕಾರಣಕ್ಕೆ. ಸೈಕಲ್ ಇರೋದು ವಾಹನ ಮತ್ತು ಮನುಷ್ಯನ ನಡುವೆ. ಎಂಜಿನ್ ಇಲ್ಲ, ಚಕ್ರ ಇದೆ. ಒಂದು ರಸ್ತೆ ಸೈಕಲ್ಲನ್ನು ಹೇಗೆ ನಡೆಸಿಕೊಳ್ಳುತ್ತೆ ಅಂತ ನೋಡಿದರೆ, ಬರೀ ಕಾಲಿನ ಮೇಲೆ ಬರೋರನ್ನು ಹೇಗೆ ನಡೆಸಿಕೊಳ್ಳುತ್ತೆ ಅಂತ ಮುಂಚೆಯೇ ಗೊತ್ತಾಗುತ್ತೆ. ಸೈಕಲ್ ಸಲೀಸಾಗಿ ಹೋಗುವ ಕಡೆ ಅಜ್ಜಿಯೂ ಮಗುವೂ ಸಲೀಸಾಗಿ ನಡೀತಾರೆ. ಸೈಕಲ್ ಕಾಣದ ಪ್ರಕಟಣೆಗೆ ಅವರೂ ಕಂಡಿಲ್ಲ.

ದುರಂತ ಆದ ಮೇಲೆ ಕ್ರೀಡಾಂಗಣವನ್ನೇ ಊರಾಚೆ ಒಯ್ಯೋ ಮಾತು ಜೋರಾಗಿದೆ. ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನದ ಹೊಸ ಕ್ರೀಡಾಂಗಣ ಅಂತ ಪ್ರಕಟವೂ ಆಗಿದೆ. ಗೇಟಿನ ಮುಂದೆ ಜಾಗ ಬೇಕು ಅನ್ನೋದು ನೂರಕ್ಕೆ ನೂರು ನಿಜ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ನಮ್ಮ ಟೀವಿ ಚರ್ಚೆಗಳಲ್ಲಿ ‘ಜಾಗ’ ಅಂದ ತಕ್ಷಣ ಮುಂದಿನ ಪದ ‘ಪಾರ್ಕಿಂಗ್’ ಆಗೋದು ಕೇಳಿದಾಗ ಭಯ ಆಗುತ್ತೆ. ಚಿನ್ನಸ್ವಾಮಿಯ ದೊಡ್ಡ ಗುಣ ಏನು ಅಂದರೆ ಅದು ಊರ ನಡುವೆ ಇದೆ. ಎರಡು ಮೆಟ್ರೊ ನಿಲ್ದಾಣ ಕಾಲಳತೆಯಲ್ಲಿವೆ, ಶಿವಾಜಿನಗರದ ಬಸ್ಸು ಪಕ್ಕದಲ್ಲಿದೆ. ಕಾರಿಲ್ಲದ ಹುಡುಗಿ ರಾತ್ರಿ ಹನ್ನೊಂದಕ್ಕೆ ಮ್ಯಾಚ್ ಮುಗಿಸಿಕೊಂಡು ಮೆಟ್ರೊ ಹತ್ತಿ ಮನೆಗೆ ಹೋಗಬಹುದು. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಹೋಗುತ್ತೆ, ಒಳ್ಳೇದೇ. ಆ ನಿಲ್ದಾಣದಿಂದ ಹೊಸ ಗೇಟಿನವರೆಗೆ 80,000 ಜನ ಹೇಗೆ ನಡೀತಾರೆ ಅನ್ನೋ ನಕ್ಷೆಯನ್ನು ಮೊದಲು ಬರೆದು, ಪಾರ್ಕಿಂಗ್ ನಕ್ಷೆಯನ್ನು ಆಮೇಲೆ ಬರೆದರೆ ನಾವೇನೋ ಕಲಿತಿದ್ದೀವಿ ಅನ್ನಬಹುದು. ಉಲ್ಟಾ ಆದರೆ, ಅದೇ ಪ್ರಕಟಣೆಯನ್ನು ದೊಡ್ಡ ಅಕ್ಷರದಲ್ಲಿ ಬರೆದ ಹಾಗಾಯಿತು.

ವಿಮರ್ಶೆ ಬರೆದವನು ತಿದ್ದುಪಡಿಯನ್ನೂ ಸೂಚಿಸಬೇಕು ಅಂತಾರೆ. ಹೊಸ ಕ್ರೀಡಾಂಗಣ ಬರೋ ತನಕ, ಯಾವ ಮೈದಾನದಲ್ಲಿ ಯಾವ ಪಂದ್ಯ ನಡೆದರೂ, ಪ್ರಕಟಣೆಯಲ್ಲಿ ಪಾರ್ಕಿಂಗ್ ಪಟ್ಟಿಗಿಂತ ಮೇಲೆ ಈ ಮೂರು ವಾಕ್ಯ ಸೇರಿಸಿ ಅನ್ನೋದು ನನ್ನ ಕೋರಿಕೆ. ಅವರದ್ದೇ ಭಾಷೆಯಲ್ಲಿ ಬರೆದಿದ್ದೀನಿ:

‘ಕಾಲ್ನಡಿಗೆಯಲ್ಲಿ ಬರುವ ಪ್ರೇಕ್ಷಕರಿಗಾಗಿ ಈ ಕೆಳಕಂಡ ರಸ್ತೆಗಳನ್ನು ಪಂದ್ಯಕ್ಕೆ ಎರಡು ಗಂಟೆ ಮೊದಲಿನಿಂದ ಪಂದ್ಯ ಮುಗಿದು ಒಂದು ಗಂಟೆಯವರೆಗೆ ಎಲ್ಲ ಮೋಟಾರು ವಾಹನಗಳಿಗೆ ನಿರ್ಬಂಧಿಸಲಾಗಿದೆ. ಸೈಕಲ್ಲುಗಳನ್ನು ಈ ಕೆಳಕಂಡ ಸ್ಥಳಗಳಲ್ಲಿ ಉಚಿತವಾಗಿ ನಿಲ್ಲಿಸಬಹುದು. ಸದರಿ ರಸ್ತೆಗಳಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುವ ಕೆಲಸಗಾರರು ಹಾಗೂ ವ್ಯಾಪಾರಿಗಳನ್ನು ತಡೆಯತಕ್ಕದ್ದಲ್ಲ.’

ಇದಕ್ಕೆ ಮೇಲ್ಸೇತುವೆ ಬೇಡ, ಸುರಂಗ ಬೇಡ, ಟೆಂಡರ್ ಬೇಡ. ಬ್ಯಾರಿಕೇಡ್ ಹೇಗೂ ಇದ್ದೇ ಇದೆ. ಮುಂದಿನ ಮ್ಯಾಚಿನ ಪ್ರಕಟಣೆ ನಿಮ್ಮ ಗ್ರೂಪಿಗೆ ಬಂದಾಗ ಫಾರ್ವರ್ಡ್ ಮಾಡೋಕೆ ಮುಂಚೆ ಒಂದು ಸಲ ಪೂರ್ತಿ ಓದಿ. ನಡೆಯುವವರ ಬಗ್ಗೆ ಎಷ್ಟು ಸಾಲಿದೆ, ನಿಲ್ಲುವ ಕಾರಿನ ಬಗ್ಗೆ ಎಷ್ಟು ಸಾಲಿದೆ, ಎಣಿಸಿ ನೋಡಿ.